ಟೆಲಿಸ್ಕೋಪ್ ಕೆಟ್ಟಿದೆಯಾ, ಮುಚ್ಚಳ ತೆಗೆದಿಲ್ವಾ? ಹೊಸಬರ ಲೆನ್ಸ್ ಟೆಲಿಸ್ಕೋಪಿನ ದೋಷ ಹುಡುಕುವ ಬಗೆ

ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೊಸ ಟೆಲಿಸ್ಕೋಪ್ ಬಂದರೂ ಒಂದು ವಾರದೊಳಗೆ ಅದು ನಮ್ಮ ಮನೆಗೂ ಬರುತ್ತದೆ. "ಅಂಕಲ್, ಇದು ಕೆಟ್ಟೋಗಿದೆ, ಏನೂ ಕಾಣಲ್ಲ" ಅಂತ. ನಿಜವಾಗಿ ಕೆಟ್ಟಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಮುಚ್ಚಳ, ಸ್ಕ್ರೂ, ಗಾಳಿ, ಇಬ್ಬನಿ, ಇಷ್ಟರಲ್ಲೇ ಯಾವುದೋ ಒಂದು ಕಾರಣ ಇರುತ್ತದೆ. ಬೇಜಾರಿನ ವಿಷಯ ಏನೆಂದರೆ, ನನ್ನ ಕೈಗೆ ಬರುವ ಮೊದಲೇ ಮನೆಯಲ್ಲಿ ಯಾರೋ ಒಬ್ಬರು ಸ್ಕ್ರೂಡ್ರೈವರ್ ಹಿಡಿದು ಮುಂದಿನ ಲೆನ್ಸ್ ಬಿಚ್ಚಿರುತ್ತಾರೆ. ಚೆನ್ನಾಗಿದ್ದದ್ದು ಆಗ ನಿಜವಾಗಿಯೂ ಕೆಡುತ್ತದೆ.

ನಾನು ಬರೆಯುತ್ತಿರುವುದು 70 ಮಿ.ಮೀ. ಲೆನ್ಸ್, 700 ಮಿ.ಮೀ. ಫೋಕಲ್ ಲೆಂತ್ (ಲೆನ್ಸಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) ಇರುವ ಮಾಮೂಲಿ ಟೆಲಿಸ್ಕೋಪಿನ ಬಗ್ಗೆ. ಜೊತೆಗೆ ಕಣ್ಣಿಟ್ಟು ನೋಡುವ 25 ಮತ್ತು 10 ಮಿ.ಮೀ. ಐಪೀಸ್, ಬೆಳಕನ್ನು ಮೇಲಕ್ಕೆ ತಿರುಗಿಸುವ ಡಯಾಗನಲ್, ಗುರಿ ಹಿಡಿಯಲು ಒಂದು ಫೈಂಡರ್, ತೆಳ್ಳಗಿನ ಟ್ರೈಪಾಡ್. ನಿಮ್ಮದು 60 ಅಥವಾ 90 ಇದ್ದರೂ ಲಕ್ಷಣಗಳು ಇವೇ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ನಾಲ್ಕು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತೇ ಆಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ಯಾವ ಪರೀಕ್ಷೆಯನ್ನೂ ಸೂರ್ಯನ ಕಡೆ ತಿರುಗಿಸಿ ಮಾಡಬೇಡಿ. ಹಗಲಲ್ಲಿ ಪರೀಕ್ಷೆ ಮಾಡುವುದಾದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಮುಂಭಾಗಕ್ಕೆ ಸರಿಯಾದ ಫಿಲ್ಟರ್ ಇಲ್ಲದೆ ಒಂದು ಕ್ಷಣ ಸೂರ್ಯನನ್ನು ನೋಡಿದರೂ ಕಣ್ಣು ಹೋಗುತ್ತದೆ. ಅದರ ವಿಚಾರಕ್ಕೆ ಕೊನೆಯಲ್ಲಿ ಬೇರೆಯೇ ಭಾಗ ಇದೆ, ಅದನ್ನು ಓದದೆ ಸೂರ್ಯನ ತಂಟೆಗೆ ಹೋಗಬೇಡಿ.

"ಪೂರ್ತಿ ಕಪ್ಪು, ಏನೂ ಕಾಣಲ್ಲ"

ಮುಚ್ಚಳ ನೋಡಿ. ನಗಬೇಡಿ, ನಾನೂ ಮಾಡಿದ್ದೇನೆ. ಮುಂದೆ ಒಂದು ಮುಚ್ಚಳ, ಐಪೀಸಿನ ಎರಡು ತುದಿಗೂ ಒಂದೊಂದು, ಡಯಾಗನಲ್‌ಗೆ ಎರಡು, ಫೋಕಸರಿನ (ಫೋಕಸ್ ಮಾಡಲು ಒಳಗೆ ಹೊರಗೆ ಸರಿಯುವ ಕೊಳವೆ) ಬಾಯಿಗೆ ಇನ್ನೊಂದು. ಹೊಸ ಪೆಟ್ಟಿಗೆ ಬಿಚ್ಚಿದಾಗ ಇವೆಲ್ಲ ಕಪ್ಪು ಪ್ಲಾಸ್ಟಿಕ್ಕೇ, ಟೆಲಿಸ್ಕೋಪಿನ ಭಾಗವೇ ಅನ್ನಿಸುತ್ತವೆ. ಒಂದೊಂದೇ ಎಣಿಸಿ ತೆಗೆಯಿರಿ.

ಮುಚ್ಚಳ ಎಲ್ಲ ತೆಗೆದಿದ್ದೀರಿ, ಆದರೂ ಕಪ್ಪು ಅಂದರೆ ಟೆಲಿಸ್ಕೋಪ್ ಬೇರೆ ಎಲ್ಲೋ ನೋಡುತ್ತಿದೆ ಅಂತ ಅರ್ಥ. 25 ಮಿ.ಮೀ. ಐಪೀಸಿನಲ್ಲೇ ಕಾಣುವ ಆಕಾಶದ ತುಂಡು ಎರಡು ಡಿಗ್ರಿಗಿಂತ ಕಡಿಮೆ. ಕೈ ಚಾಚಿ ತೋರುಬೆರಳು ಹಿಡಿದರೆ ಮುಚ್ಚುವಷ್ಟು ಜಾಗ, ಅಷ್ಟೇ. ಕೊಳವೆಯ ಮೇಲೆ ಕಣ್ಣಿಟ್ಟು ಅಂದಾಜಿನಲ್ಲಿ ಗುರುವನ್ನು ಹಿಡಿಯುತ್ತೇನೆ ಅಂದರೆ ಆಗುವುದಿಲ್ಲ. ಫೈಂಡರನ್ನು ಹೊಂದಿಸಲೇಬೇಕು.

ಅದನ್ನು ಸಂಜೆ ಬೆಳಕಿರುವಾಗಲೇ ಮಾಡಿ. ಅರ್ಧ ಕಿಲೋಮೀಟರ್ ಆಚೆ ಇರುವ ಮೊಬೈಲ್ ಟವರ್ ತುದಿಯನ್ನೋ ತೆಂಗಿನ ಮರದ ಸುಳಿಯನ್ನೋ ಮೊದಲು 25ರ ಐಪೀಸಿನಲ್ಲಿ ನಡುವಿಗೆ ತನ್ನಿ. ಕೊಳವೆ ಅಲುಗದಂತೆ ಬಿಗಿ ಮಾಡಿ. ಆಮೇಲೆ ಫೈಂಡರಿನ ಸ್ಕ್ರೂಗಳನ್ನು ತಿರುಗಿಸಿ ಅದರ ಗುರುತು ಅದೇ ತುದಿಯ ಮೇಲೆ ಬರುವ ಹಾಗೆ ಮಾಡಿ. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೊದಲು ಫೈಂಡರಿನಲ್ಲಿ ಹಿಡಿದು ಆಮೇಲೆ ಐಪೀಸಿನಲ್ಲಿ ಹುಡುಕುತ್ತಾ ಕೂರುತ್ತಾರೆ. ಕೆಂಪು ಚುಕ್ಕಿಯ ಫೈಂಡರ್ ಆದರೆ, ಅದರ ಬಟನ್ ಸೆಲ್ಲಿನ ಅಡಿಯಲ್ಲಿ ಕಾರ್ಖಾನೆಯವರು ಇಟ್ಟ ಪಾರದರ್ಶಕ ಪ್ಲಾಸ್ಟಿಕ್ ಚೂರು ಇರಬಹುದು. ಅದನ್ನು ಎಳೆಯದಿದ್ದರೆ ಚುಕ್ಕಿ ಹೊತ್ತುವುದಿಲ್ಲ.

"ಕಾಣುತ್ತೆ, ಆದ್ರೆ ತುಂಬಾ ಮಂಕು"

ಇದು ನನಗೆ ಬಹಳ ಇಷ್ಟದ ದೋಷ. ನಮ್ಮ ಭಾವನ ಮಗ ಮೂರು ತಿಂಗಳು ಚಂದ್ರನನ್ನು ನೋಡಿ, "ಪರವಾಗಿಲ್ಲ ಮಾಮ, ಆದ್ರೆ ಫೋಟೋದಲ್ಲಿರೋ ಹಾಗಿಲ್ಲ" ಅಂತಿದ್ದ. ಹೋಗಿ ನೋಡಿದೆ. ಮುಂದಿನ ದೊಡ್ಡ ಮುಚ್ಚಳದ ನಡುವೆ ಒಂದು ಚಿಕ್ಕ ಮುಚ್ಚಳ ಇರುತ್ತದಲ್ಲ, ಅವನು ಅಷ್ಟನ್ನೇ ತೆಗೆದು ನೋಡುತ್ತಿದ್ದ. ಅವನದರಲ್ಲಿ ಆ ತೂತು ಸುಮಾರು 40 ಮಿ.ಮೀ. ಇತ್ತು. 70ಕ್ಕೆ 40 ಅಂದರೆ ಅರ್ಧಕ್ಕಿಂತ ಜಾಸ್ತಿ ಅನ್ನಿಸುತ್ತದೆ, ಆದರೆ ಬೆಳಕಿನ ಲೆಕ್ಕ ವಿಸ್ತೀರ್ಣದ್ದು. ಮೂರನೇ ಒಂದು ಭಾಗ ಬೆಳಕು ಮಾತ್ರ ಒಳಗೆ ಬರುತ್ತಿತ್ತು. ದೊಡ್ಡ ಮುಚ್ಚಳವನ್ನೇ ಎಳೆದು ತೆಗೆದೆ. ಅವನು ಐಪೀಸಿನಿಂದ ಕಣ್ಣು ತೆಗೆಯಲೇ ಇಲ್ಲ.

ಆ ಚಿಕ್ಕ ತೂತು ಸೂರ್ಯನನ್ನು ನೋಡಲು ಇರುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫಿಲ್ಟರ್ ಇಲ್ಲದೆ ಅದರಿಂದ ಬರುವ ಬೆಳಕೂ ಕಣ್ಣು ಸುಡಲು ಬೇಕಾದಷ್ಟಾಯಿತು.

ಮುಚ್ಚಳ ಸರಿಯಿದ್ದು, ಸಂಜೆ ಚೆನ್ನಾಗಿದ್ದದ್ದು ರಾತ್ರಿ ಹನ್ನೊಂದರ ಹೊತ್ತಿಗೆ ಮಂಕಾದರೆ ಅದು ಇಬ್ಬನಿ. ಗ್ರಹದ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು ಹರಡುತ್ತದೆ. ಟಾರ್ಚ್ ಬಿಟ್ಟು ಪಕ್ಕದಿಂದ ಮುಂದಿನ ಲೆನ್ಸ್ ನೋಡಿ, ಉಸಿರು ಬಿಟ್ಟ ಕನ್ನಡಿಯ ಹಾಗಿರುತ್ತದೆ. ಒರೆಸಬೇಡಿ. ಶರ್ಟಿನ ತುದಿಯಲ್ಲಂತೂ ಬೇಡವೇ ಬೇಡ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಒಂದು ಅಡಿ ದೂರದಿಂದ ಗಾಳಿ ಬಿಡಿ. ಇಲ್ಲದಿದ್ದರೆ ಒಳಗೆ ತಂದು, ಬಾಯಿ ಸ್ವಲ್ಪ ಕೆಳಗೆ ಮಾಡಿ, ಫ್ಯಾನಿನ ಕೆಳಗಿಡಿ. ಒಣಗಿದ ಮೇಲೆಯೇ ಮುಚ್ಚಳ. ಒದ್ದೆ ಲೆನ್ಸಿಗೆ ಮುಚ್ಚಳ ಹಾಕಿ ಪೆಟ್ಟಿಗೆಯೊಳಗೆ ಇಟ್ಟರೆ ಬೂಷ್ಟಿಗೆ ಊಟ ಬಡಿಸಿದ ಹಾಗೆ.

"ಫೋಕಸ್ ಆಗೋದೇ ಇಲ್ಲ"

ಹಗಲಲ್ಲಿ ದೂರದ ಮರ ಹಿಡಿಯಿರಿ. ಬಾರ್ಲೋ (ಪಟ್ಟು ಹೆಚ್ಚಿಸಲು ನಡುವೆ ಸೇರಿಸುವ ಲೆನ್ಸ್) ಹಾಕಿದ್ದರೆ ತೆಗೆಯಿರಿ. ಡಯಾಗನಲ್, ಅದಕ್ಕೆ 25ರ ಐಪೀಸ್, ಅಷ್ಟೇ ಇರಲಿ. ಫೋಕಸ್ ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನಕ್ಕೆ ತಿರುಗಿಸಿ. ಗುಂಡಿ ತಿರುಗುತ್ತಿದ್ದರೂ ಕೊಳವೆ ಒಳಗೆ ಹೊರಗೆ ಹೋಗುತ್ತಿಲ್ಲವೆಂದರೆ ಫೋಕಸರಿನ ಮೇಲೋ ಕೆಳಗೋ ಇರುವ ಚಿಕ್ಕ ಬೀಗದ ಸ್ಕ್ರೂ ಬಿಗಿಯಾಗಿದೆ. ಸಡಿಲಿಸಿ.

ಕೊಳವೆ ಪೂರ್ತಿ ಹೊರಗೆ ಬಂದರೂ ಚಿತ್ರ ಇನ್ನೂ ಸರಿಹೋಗುತ್ತಾ ಇದೆ, ಅಷ್ಟರಲ್ಲಿ ದಾರಿ ಮುಗಿಯಿತು ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ, ಡಯಾಗನಲ್ ಹಾಕಿದ್ದೀರಾ? ಲೆನ್ಸ್ ಟೆಲಿಸ್ಕೋಪಿನಲ್ಲಿ ಡಯಾಗನಲ್ ಇರುತ್ತದೆ ಅಂತಲೇ ಉದ್ದದ ಲೆಕ್ಕ ಹಾಕಿರುತ್ತಾರೆ. ಅದನ್ನು ಬಿಟ್ಟು ಐಪೀಸನ್ನು ನೇರ ಸಿಕ್ಕಿಸಿದರೆ ಅಷ್ಟು ಉದ್ದ ಕಡಿಮೆಯಾಗುತ್ತದೆ. ಪರೀಕ್ಷೆಗೆ ಐಪೀಸನ್ನು ಒಂದೆರಡು ಸೆಂಟಿಮೀಟರ್ ಹೊರಗೆ ಎಳೆದು ಕೈಯಲ್ಲಿ ಹಿಡಿದು ನೋಡಿ. ಸ್ಪಷ್ಟವಾದರೆ ಅದೇ ಕಾರಣ. ಹತ್ತಿರದ ವಸ್ತುವಿಗೂ ಹೀಗೇ ಆಗುತ್ತದೆ, ಎದುರು ಮನೆ ಕಿಟಕಿಗೆ ಫೋಕಸ್ ಆಗಲ್ಲ ಅಂತ ಗಾಬರಿಯಾಗಬೇಡಿ (ಎದುರು ಮನೆ ಕಿಟಕಿ ನೋಡಲೂ ಬೇಡಿ). ಅದೇ ಕೊಳವೆ ಪೂರ್ತಿ ಒಳಗೆ ಹೋದರೂ ಸಾಲದು ಅಂದರೆ ನಡುವೆ ಏನೋ ಒಂದು ತುಂಡು ಜಾಸ್ತಿ ಸೇರಿದೆ.

"25ರಲ್ಲಿ ಚೆನ್ನಾಗಿದೆ, 10ರಲ್ಲಿ ಮಸುಕು, ಬಾರ್ಲೋ ಹಾಕಿದರೆ ಬರೀ ಹೊಗೆ"

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಟೆಲಿಸ್ಕೋಪಿನ 700ನ್ನು ಐಪೀಸಿನ ಸಂಖ್ಯೆಯಿಂದ ಭಾಗಿಸಿ. 25ಕ್ಕೆ 28 ಪಟ್ಟು, 10ಕ್ಕೆ 70 ಪಟ್ಟು. ಲೆನ್ಸಿನ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡು ಪಟ್ಟಿನಾಚೆಗೆ ಹಿಗ್ಗಿಸಿ ಪ್ರಯೋಜನವಿಲ್ಲ. 70ಕ್ಕೆ 140. ಅದೂ ಗಾಳಿ ಶಾಂತವಾಗಿದ್ದ ರಾತ್ರಿ. ಈಗ ಪೆಟ್ಟಿಗೆ ಮೇಲೆ "525 ಪಟ್ಟು" ಅಂತ ಬರೆದಿರುತ್ತಾರಲ್ಲ, ಅದು ಎಲ್ಲಿಂದ ಬಂತು? 4 ಮಿ.ಮೀ. ಐಪೀಸಿಗೆ 175 ಪಟ್ಟು, ಅದಕ್ಕೆ ಮೂರು ಪಟ್ಟಿನ ಬಾರ್ಲೋ, ಒಟ್ಟು 525. ಲೆಕ್ಕ ಸರಿ, ಚಿತ್ರ ಮಾತ್ರ ಬರುವುದಿಲ್ಲ. ಒಂದೇ ಲೋಟ ಹಾಲಿಗೆ ಕೊಡಗಟ್ಟಲೆ ನೀರು ಸುರಿದ ಹಾಗೆ.

ಆದ್ದರಿಂದ 4ರ ಐಪೀಸನ್ನೂ 3 ಪಟ್ಟಿನ ಬಾರ್ಲೋವನ್ನೂ ಪೆಟ್ಟಿಗೆಯಲ್ಲೇ ಬಿಡಿ. ನೀವು ದುಡ್ಡು ಖರ್ಚು ಮಾಡುವುದಾದರೆ 10 ಮಿ.ಮೀ.ನ ಪ್ಲಾಸ್ಲ್ ಎಂಬ ಬಗೆಯ ಒಂದು ಒಳ್ಳೆಯ ಐಪೀಸಿಗೆ ಮಾಡಿ. 2 ಪಟ್ಟಿನ ಬಾರ್ಲೋ ಹಾಕುವುದಾದರೆ ಡಯಾಗನಲ್ ಮತ್ತು ಐಪೀಸಿನ ನಡುವೆ ಹಾಕಿ. ಡಯಾಗನಲ್‌ಗಿಂತ ಮುಂಚೆ ಹಾಕಿದರೆ ಪಟ್ಟು ಇನ್ನೂ ಏರುತ್ತದೆ, ಫೋಕಸ್ ಕೂಡ ಸಿಗದೆ ಹೋಗಬಹುದು.

70 ಪಟ್ಟಿನಲ್ಲೂ ಮಸುಕು ಇದ್ದರೆ ಮುಂದಿನದನ್ನು ಓದಿ.

"ಗುರು ಕುದೀತಾ ಇದ್ದಾನೆ"

ಒಂದು ನಿಮಿಷ ಕಣ್ಣು ತೆಗೆಯದೆ ನೋಡುತ್ತಾ ಇರಿ. ಗ್ರಹ ನೀರಿನೊಳಗಿರುವ ಹಾಗೆ ಅಲುಗುತ್ತಾ ಇದ್ದು, ನಡುನಡುವೆ ಅರ್ಧ ಸೆಕೆಂಡ್ ಚಕ್ಕನೆ ತಿಳಿಯಾಗಿ, ಗುರುವಿನ ಎರಡು ಪಟ್ಟಿ ಕಂಡು ಮತ್ತೆ ಕಲಕಿಹೋದರೆ ಟೆಲಿಸ್ಕೋಪಿನದ್ದು ತಪ್ಪಿಲ್ಲ, ಗಾಳಿಯದ್ದು. ಯಾವಾಗ ನೋಡಿದರೂ ಒಂದೇ ಸಮ ಮೆತ್ತಗೆ, ಒಮ್ಮೆಯೂ ತಿಳಿಯಾಗುವುದಿಲ್ಲ ಅಂದರೆ ಮಾತ್ರ ಫೋಕಸ್, ಇಬ್ಬನಿ ಅಥವಾ ಲೆನ್ಸನ್ನು ಅನುಮಾನಿಸಿ. ಈ ಒಂದು ವ್ಯತ್ಯಾಸ ಗೊತ್ತಾದರೆ ಅರ್ಧ ತಲೆನೋವು ಮುಗಿಯಿತು.

ಗಾಳಿಯಲ್ಲೂ ಎರಡು ಬಗೆ. ಒಂದು ನಾವೇ ಮಾಡಿಕೊಂಡದ್ದು. ಬೆಂಗಳೂರಿನ ಆರ್‌ಸಿಸಿ ತಾರಸಿ ಇಡೀ ದಿನ ಕಾದು, ರಾತ್ರಿ ಹತ್ತರವರೆಗೂ ದೋಸೆ ಕಾವಲಿಯ ಹಾಗೆ ಬಿಸಿ ಬಿಡುತ್ತಿರುತ್ತದೆ. ಅದರ ಮೇಲೆ ಏಳು ಗಂಟೆಗೆ ಟೆಲಿಸ್ಕೋಪ್ ಇಟ್ಟರೆ ಏನು ಕಾಣುತ್ತದೆ? ಪಕ್ಕದ ಮನೆಯ ಎಸಿ ಪೆಟ್ಟಿಗೆ, ಅಡುಗೆಮನೆ ಹೊಗೆಗೂಡು, ಇವುಗಳ ಮೇಲಿಂದ ನೋಡಿದರೂ ಅಷ್ಟೇ. ಕಿಟಕಿ ತೆರೆದು ಒಳಗಿನಿಂದ ನೋಡುವುದಂತೂ ಇನ್ನೂ ಕೆಟ್ಟದ್ದು. ಮಣ್ಣು ಅಥವಾ ಹುಲ್ಲಿನ ಜಾಗ ಇದ್ದರೆ ಅಲ್ಲಿಡಿ. ಟೆಲಿಸ್ಕೋಪನ್ನು ಹೊರಗಿಟ್ಟು 20 ನಿಮಿಷ ಬಿಟ್ಟು ನೋಡಿ, ಒಳಗಿನ ಬಿಸಿ ಹೊರಗಿನ ತಂಪಿಗೆ ಹೊಂದಬೇಕು.

ಇನ್ನೊಂದು ಮೇಲಿನ ಗಾಳಿ. ಅದಕ್ಕೆ ಮದ್ದಿಲ್ಲ. ಗ್ರಹ ಕ್ಷಿತಿಜದಿಂದ 30 ಡಿಗ್ರಿಗಿಂತ ಮೇಲೆ ಬರುವವರೆಗೆ ಕಾಯಿರಿ. ನಕ್ಷತ್ರಗಳು ಜೋರಾಗಿ ಮಿನುಗುತ್ತಿದ್ದರೆ ನೋಡಲು ಚಂದ, ಗ್ರಹಕ್ಕೆ ಕೆಟ್ಟ ರಾತ್ರಿ. ಸ್ವಲ್ಪ ಮಬ್ಬಾಗಿ, ಎಲೆಯೂ ಅಲುಗದ ರಾತ್ರಿಗಳಲ್ಲಿ ಶನಿ ಕೊರೆದಿಟ್ಟ ಹಾಗೆ ಕಂಡದ್ದುಂಟು.

"ಮುಟ್ಟಿದರೆ ನಡುಗುತ್ತೆ, ಬಿಟ್ಟರೆ ಜಾರುತ್ತೆ"

ಅಗ್ಗದ ಟೆಲಿಸ್ಕೋಪುಗಳಲ್ಲಿ ದುಡ್ಡು ಉಳಿಸುವುದೇ ಟ್ರೈಪಾಡಿನಲ್ಲಿ. ಕೊಳವೆಯನ್ನು ಬೆರಳಿನಿಂದ ಒಮ್ಮೆ ತಟ್ಟಿ, ಚಿತ್ರ ನಿಲ್ಲಲು ಎಷ್ಟು ಸೆಕೆಂಡ್ ಬೇಕು ಎಣಿಸಿ. ಎರಡು ಮೂರು ಸೆಕೆಂಡ್ ಆದರೆ ಸಹಿಸಬಹುದು. ಐದು ದಾಟಿದರೆ ಈ ಕೆಲಸಗಳನ್ನು ಮಾಡಿ: ಕಾಲುಗಳನ್ನು ಪೂರ್ತಿ ಎಳೆಯಬೇಡಿ, ಕುರ್ಚಿ ಹಾಕಿ ಕೂತು ನೋಡಿ. ಕಾಲು ಸೇರುವ ಕಡೆ ಇರುವ ನಟ್ಟುಗಳನ್ನು ಸ್ಪ್ಯಾನರಿನಿಂದ ಬಿಗಿ ಮಾಡಿ, ಪ್ಲಾಸ್ಟಿಕ್ ಬಿರುಕು ಬಿಡುವಷ್ಟಲ್ಲ. ನಡುವಿನ ತಟ್ಟೆಯಿಂದ ಐದು ಲೀಟರಿನ ನೀರಿನ ಕ್ಯಾನ್ ನೇತುಹಾಕಿ, ಅದು ನೆಲಕ್ಕೆ ಸ್ವಲ್ಪ ತಾಗುವ ಹಾಗಿರಲಿ, ಇಲ್ಲದಿದ್ದರೆ ಅದೇ ಗಡಿಯಾರದ ಲೋಲಕದ ಹಾಗೆ ತೂಗುತ್ತದೆ.

ಗ್ರಹವನ್ನು ನಡುವಿಗೆ ತಂದು ಕೈ ಬಿಟ್ಟ ತಕ್ಷಣ ಕೊಳವೆಯ ಮೂತಿ ಕೆಳಗೋ ಮೇಲಕ್ಕೋ ಜಾರಿದರೆ ತೂಕದ ಸಮತೋಲ ಇಲ್ಲ. ಹಿಂದೆ ಡಯಾಗನಲ್, ಐಪೀಸ್, ಮೊಬೈಲ್ ಎಲ್ಲ ಸೇರಿ ಹಿಂಭಾರ ಆಗಿರುತ್ತದೆ. ಕೊಳವೆ ಹಿಡಿಯುವ ಪಟ್ಟಿಯನ್ನು ಹಿಂದೆ ಮುಂದೆ ಸರಿಸಿ. ಪಟ್ಟಿ ಸರಿಯದ ಮಾದರಿಯಾದರೆ ಮುಂಭಾಗದ ಕೊಳವೆಗೆ ಅಯಸ್ಕಾಂತವೋ ಅಕ್ಕಿ ತುಂಬಿದ ಕಾಲ್ಚೀಲವೋ ಕಟ್ಟಿ. ನಾನು ಕಾಲ್ಚೀಲದವನು.

ದೋಷವೇ ಅಲ್ಲದ ದೋಷಗಳು

ಚಿತ್ರ ಎಡಬಲ ಅದಲು ಬದಲಾಗಿದೆ: ಡಯಾಗನಲ್ ಕನ್ನಡಿಯ ಗುಣ. ಡಯಾಗನಲ್ ಇಲ್ಲದಿದ್ದರೆ ತಲೆಕೆಳಗೆ. ಎರಡೂ ಸರಿ.

ಗ್ರಹ ಓಡಿಹೋಗುತ್ತೆ: ಓಡುವುದು ಭೂಮಿ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 70 ಪಟ್ಟಿನಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ ಮೂರು ನಿಮಿಷ ಕೂಡ ಹಿಡಿಯುವುದಿಲ್ಲ.

ಶುಕ್ರನ ಸುತ್ತ, ಚಂದ್ರನ ಅಂಚಿನಲ್ಲಿ ನೇರಳೆ ಬಣ್ಣ: ಎರಡು ಗಾಜು ಸೇರಿಸಿ ಮಾಡಿದ ಲೆನ್ಸು ಎಲ್ಲ ಬಣ್ಣಗಳನ್ನೂ ಒಂದೇ ಬಿಂದುವಿಗೆ ತರಲಾರದು. ಸ್ವಲ್ಪ ನೇರಳೆ ಉಳಿಯುತ್ತದೆ. ಶುಕ್ರನನ್ನು ಮುಸ್ಸಂಜೆಯಲ್ಲಿ, ಆಕಾಶ ಇನ್ನೂ ತಿಳಿನೀಲಿ ಇರುವಾಗ ನೋಡಿ, ನೇರಳೆ ಕಡಿಮೆ ಅನ್ನಿಸುತ್ತದೆ, ಚಂದ್ರನ ಹಾಗೆ ಅರ್ಧವೋ ಕುಡುಗೋಲೋ ಆಗಿರುವುದೂ ಕಾಣುತ್ತದೆ. ಆದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆ ಮಾತ್ರ.

ಕಣ್ಣ ಮುಂದೆ ದಾರದ ಚೂರು ತೇಲುತ್ತೆ: ನಿಮ್ಮ ಕಣ್ಣೊಳಗಿನದೇ. ಪಟ್ಟು ಜಾಸ್ತಿ ಮಾಡಿದಷ್ಟೂ ಎದ್ದು ಕಾಣುತ್ತದೆ. ಟೆಲಿಸ್ಕೋಪ್ ಇಲ್ಲದಾಗಲೂ ಏಕಾಏಕಿ ಇವು ಜಾಸ್ತಿಯಾದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಗ್ರಹ ತುಂಬಾ ಚಿಕ್ಕದು: ಇದಕ್ಕೆ ಒಂದು ತಮಾಷೆ ಹೇಳುತ್ತೇನೆ. 70 ಪಟ್ಟಿನಲ್ಲಿ ಗುರು ಕಾಣುವ ಗಾತ್ರ, ಬರಿಗಣ್ಣಿಗೆ ಹುಣ್ಣಿಮೆ ಚಂದ್ರ ಕಾಣುವುದಕ್ಕಿಂತ ದೊಡ್ಡದು. ನಂಬಿಕೆ ಬರಲ್ಲ ಅಲ್ವಾ? ಸುತ್ತ ಮನೆ, ಮರ ಇಲ್ಲದೆ ಕಪ್ಪು ಬಯಲಿನಲ್ಲಿ ಒಂಟಿಯಾಗಿ ನಿಂತಿರುವುದಕ್ಕೆ ಚಿಕ್ಕದು ಅನ್ನಿಸುತ್ತದೆ. ಮಂಗಳನದು ಮಾತ್ರ ನಿಜವಾದ ದೂರು. ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬಂದಾಗ ಬಿಟ್ಟರೆ ಉಳಿದ ಕಾಲ ಅದು ಬರೀ ಕಿತ್ತಳೆ ಚುಕ್ಕಿ. ಮುಂದಿನ ಸಲ ಹತ್ತಿರ ಬರುವುದು 2027ರ ಫೆಬ್ರವರಿಯಲ್ಲಿ.

ಶನಿಗೆ ಬಳೆಯೇ ಇಲ್ಲ, ಒಂದು ಗೆರೆ ಅಷ್ಟೇ: 2025ರ ಮಾರ್ಚಿನಲ್ಲಿ ಬಳೆಗಳು ನಮಗೆ ಅಂಚಿನಿಂದ ಕಾಣುವ ಹಾಗೆ ತಿರುಗಿದ್ದವು. ಅಲ್ಲಿಂದ ವರ್ಷದಿಂದ ವರ್ಷಕ್ಕೆ ಮತ್ತೆ ತೆರೆದುಕೊಳ್ಳುತ್ತಿವೆ, 2032ರ ಹೊತ್ತಿಗೆ ಅಗಲವಾಗಿ ಕಾಣುತ್ತವೆ. 2025ರಲ್ಲಿ ಟೆಲಿಸ್ಕೋಪ್ ಕೊಂಡವರೆಲ್ಲ ನನ್ನನ್ನೇ ಬೈದರು.

"ನಕ್ಷತ್ರಕ್ಕೆ ಬಾಲ ಬಂದಿದೆ"

ಇಷ್ಟೆಲ್ಲ ಆದ ಮೇಲೂ, ಗಾಳಿ ಶಾಂತವಾದ ರಾತ್ರಿಯಲ್ಲಿ, ಸರಿಯಾಗಿ ಫೋಕಸ್ ಮಾಡಿದರೂ ನಕ್ಷತ್ರ ಚುಕ್ಕಿಯಾಗದೆ ಒಂದು ಕಡೆಗೆ ಬಾಲ ಬಿಟ್ಟರೆ, ಅಥವಾ ಗುರು ಮೊಟ್ಟೆಯ ಹಾಗೆ ಎಳೆದಂತೆ ಕಂಡರೆ, ಈಗ ಭಾಗಗಳನ್ನು ಅನುಮಾನಿಸುವ ಸಮಯ. (ಗುರು ಸ್ವಲ್ಪ ಚಪ್ಪಟೆಯೇ, ಅದು ಬೇರೆ.) ಇದಕ್ಕೆ ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಒಂದೊಂದೇ ಭಾಗ ತಿರುಗಿಸಿ, ಬಾಲ ಯಾವುದರ ಜೊತೆ ತಿರುಗುತ್ತದೆ ಅಂತ ನೋಡುವುದು.

ಮೊದಲು ನಿಮ್ಮ ತಲೆ ವಾಲಿಸಿ. ಬಾಲವೂ ವಾಲಿತು ಅಂದರೆ ಕಣ್ಣಿನ ದೋಷ, ಕನ್ನಡಕ ಹಾಕಿಕೊಂಡು ನೋಡಿ. ತಿರುಗಲಿಲ್ಲವಾ? ಐಪೀಸನ್ನು ಅದರ ತೂತಿನಲ್ಲೇ ಕಾಲು ಸುತ್ತು ತಿರುಗಿಸಿ. ಬಾಲ ಅದರ ಜೊತೆ ಬಂದರೆ ಐಪೀಸ್ ಕೆಟ್ಟದ್ದು ಅಥವಾ ಕೊಳೆಯಾಗಿದೆ. ಆಮೇಲೆ ಡಯಾಗನಲನ್ನು ಫೋಕಸರಿನಲ್ಲಿ ತಿರುಗಿಸಿ. ಅಗ್ಗದ ಪ್ಲಾಸ್ಟಿಕ್ ಡಯಾಗನಲುಗಳಲ್ಲಿ ಕನ್ನಡಿ ಓರೆಯಾಗಿ ಅಂಟಿಸಿರುವುದು ಬಹಳ ಮಾಮೂಲಿ, ನನ್ನ ಮೊದಲ ಟೆಲಿಸ್ಕೋಪಿನದ್ದೂ ಅದೇ ಕಥೆ. ಎರಡು ವರ್ಷ ಲೆನ್ಸನ್ನು ಬೈದುಕೊಂಡು, ಕೊನೆಗೆ ಬೇರೆ ಡಯಾಗನಲ್ ಹಾಕಿದ ರಾತ್ರಿಯೇ ಶನಿಯ ಬಳೆಗೂ ಗೋಳಕ್ಕೂ ನಡುವಿನ ಕಪ್ಪು ಸಂದು ಕಂಡಿತು.

ಯಾವುದರ ಜೊತೆಗೂ ತಿರುಗದಿದ್ದರೆ ಮುಂದಿನ ಲೆನ್ಸು, ಅಥವಾ ಜೋತುಬಿದ್ದ ಫೋಕಸರು. ಪ್ರಕಾಶವಾದ ನಕ್ಷತ್ರವನ್ನು ನಡುವಿಗಿಟ್ಟು ಸ್ವಲ್ಪ ಫೋಕಸ್ ತಪ್ಪಿಸಿ. ಒಂದರೊಳಗೊಂದು ದುಂಡನೆಯ ಉಂಗುರಗಳು ಕಂಡರೆ ಲೆನ್ಸ್ ಸರಿಯಿದೆ. ಉಂಗುರಗಳು ಒಂದು ಪಕ್ಕಕ್ಕೆ ಒತ್ತಿಕೊಂಡಿದ್ದರೆ ಲೆನ್ಸ್ ಓರೆ. ತ್ರಿಕೋನದ ಹಾಗಿದ್ದರೆ ಲೆನ್ಸ್ ಹಿಡಿಯುವ ಉಂಗುರ ವಿಪರೀತ ಬಿಗಿ. ಕೊಳವೆ ಅಲುಗಿಸಿದರೆ ಮುಂದೆ ಟಕಟಕ ಸದ್ದು ಬಂದರೆ ಅದೇ ಉಂಗುರ ಸಡಿಲ. ಅದನ್ನು ಬೆರಳಿನಿಂದ ಮೆತ್ತಗೆ, ಸದ್ದು ನಿಲ್ಲುವಷ್ಟು ಮಾತ್ರ ತಿರುಗಿಸಬಹುದು. ಅದಕ್ಕಿಂತ ಮುಂದೆ ಹೋಗಬೇಡಿ. ವಾರಂಟಿ ಇದ್ದರೆ ವಾಪಸ್ ಕಳಿಸಿ.

ಸೂರ್ಯ: ಇಲ್ಲಿ ಕ್ರಮವೇ ಬೇರೆ

ರಾತ್ರಿಯ ಕೆಲಸದಲ್ಲಿ ತಪ್ಪಾದರೆ ಬೇಜಾರು ಮಾತ್ರ. ಇಲ್ಲಿ ಕಣ್ಣು. ಆದ್ದರಿಂದ ಲಕ್ಷಣ ಕಾಣುವವರೆಗೆ ಕಾಯುವ ಹಾಗಿಲ್ಲ, ಪ್ರತಿ ಸಲ ಶುರು ಮಾಡುವ ಮೊದಲೇ ಪರೀಕ್ಷೆ.

ಫಿಲ್ಟರ್ ಇರಬೇಕಾದದ್ದು ಮುಂದೆ, ದೊಡ್ಡ ಲೆನ್ಸಿನ ಮುಂದೆ. ಐಪೀಸಿಗೆ ತಿರುಗಿಸಿ ಹಾಕುವ, "ಸನ್" ಅಂತ ಬರೆದ ಕಪ್ಪು ಗಾಜು ಹಳೆಯ ಪೆಟ್ಟಿಗೆಗಳಲ್ಲಿ ಸಿಗುತ್ತದೆ. ಅದನ್ನು ಕಲ್ಲಿನಿಂದ ಒಡೆದು, ಕಾಗದದಲ್ಲಿ ಸುತ್ತಿ ಎಸೆಯಿರಿ. ಯಾರಿಗೂ ಕೊಡಬೇಡಿ. ಇಡೀ ಲೆನ್ಸ್ ಸೇರಿಸಿದ ಬಿಸಿ ಆ ಪುಟ್ಟ ಗಾಜಿನ ಹತ್ತಿರ ಒಟ್ಟಾಗುತ್ತದೆ. ನೋಡುತ್ತಿರುವಾಗಲೇ ಅದು ಬಿರುಕು ಬಿಡುತ್ತದೆ. ಗ್ರಹಣದ ಕನ್ನಡಕ ಬರಿಗಣ್ಣಿಗೆ ಮಾತ್ರ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಕೊಡಗಿನ ಕುಟ್ಟದ ಕಡೆ ಹೋಗಿದ್ದಾಗ ಒಬ್ಬರು ಹಿರಿಯರು ಆ ಕನ್ನಡಕ ಹಾಕಿಕೊಂಡು, ಫಿಲ್ಟರ್ ಇಲ್ಲದ ಟೆಲಿಸ್ಕೋಪಿನ ಐಪೀಸಿಗೆ ಬಗ್ಗುತ್ತಿದ್ದರು. "ಸಾರ್, ಬೇಡ!" ಅಂತ ತೋಳು ಹಿಡಿದು ಎಳೆದೆ. ಅವರಿಗೆ ಸಿಟ್ಟು ಬಂತು. ಆಮೇಲೆ ಐಪೀಸಿನ ಹಿಂದೆ ಒಣಗಿದ ಎಲೆ ಹಿಡಿದು ತೋರಿಸಿದೆ. ಹೊಗೆ ಎದ್ದಿತು.

ಫಿಲ್ಟರಾಗಿ ಮುಂದೆ ಹಾಕುವ, ಕಣ್ಣಿನಿಂದ ನೋಡಲು ಮಾಡಿದ ಸೌರ ಹಾಳೆ ಲಕ್ಷದಲ್ಲಿ ಒಂದು ಪಾಲು ಬೆಳಕನ್ನು ಮಾತ್ರ ಬಿಡುತ್ತದೆ. ಅದರ ಮೇಲೆ 5.0 ಎಂದಿರುತ್ತದೆ. 3.8 ಎಂದಿರುವ ಹಾಳೆ ಕ್ಯಾಮೆರಾಗೆ ಮಾತ್ರ, ಕಣ್ಣಿಗೆ ಬೇಡ. ಪ್ರತಿ ಸಲ ಕತ್ತಲೆ ಕೋಣೆಯಲ್ಲಿ ಹಾಳೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಬಿಳಿ ಚುಕ್ಕಿಗಳು, ಗೀರು, ಮಡಿಕೆಯಲ್ಲಿ ಬಿರುಕು ಕಂಡರೆ ಹಾಳೆ ಕಸಕ್ಕೆ. ಸುಕ್ಕು ಇದ್ದರೆ ತೊಂದರೆಯಿಲ್ಲ, ನೆರಿಗೆ ಬಿಡಿಸಲು ಎಳೆದು ಕಟ್ಟಬೇಡಿ. ಕೂರಿಸಿದ ಮೇಲೆ ಗಾಳಿಗೆ ಹಾರದ ಹಾಗೆ ಎರಡು ಕಡೆ ಟೇಪ್ ಹಾಕಿ. ಫೈಂಡರಿಗೆ ಮುಚ್ಚಳ ಹಾಕಿ, ಸಾಧ್ಯವಾದರೆ ಬಿಚ್ಚಿಯೇ ಇಡಿ. ಮಕ್ಕಳು ಸುತ್ತ ಇದ್ದರೆ ಒಂದು ನಿಮಿಷಕ್ಕೂ ಟೆಲಿಸ್ಕೋಪ್ ಬಿಟ್ಟು ಹೋಗಬೇಡಿ.

ಸೂರ್ಯ ಸಿಗುತ್ತಿಲ್ಲ ಅಂದರೆ ಕೊಳವೆಯ ನೆರಳು ನೋಡಿ. ನೆಲದ ಮೇಲಿನ ನೆರಳು ಉದ್ದದಿಂದ ಕುಗ್ಗುತ್ತಾ ಬಂದು ದುಂಡಗೆ, ಅತ್ಯಂತ ಚಿಕ್ಕದಾದಾಗ ಟೆಲಿಸ್ಕೋಪ್ ಸೂರ್ಯನ ನೇರಕ್ಕಿರುತ್ತದೆ. 25ರ ಐಪೀಸಿನಿಂದ ಶುರು ಮಾಡಿ.

ಬಿಳಿ ಚಕ್ರ ಕಂಡಿತು, ಕಲೆಗಳಿಲ್ಲ: ಮೊದಲು ಅಂಚನ್ನು ನೋಡಿ ಫೋಕಸ್ ಮಾಡಿ, ಅಂಚು ಕತ್ತರಿಸಿದ ಹಾಗಾಗಬೇಕು. ತಲೆಯ ಮೇಲೆ ಕಪ್ಪು ಟವೆಲ್ ಹೊದ್ದುಕೊಂಡರೆ ಚಿಕ್ಕ ಕಲೆಗಳೂ ಸಿಗುತ್ತವೆ. ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತವೆ. 2024ರ ಹೊತ್ತಿಗೆ ತುತ್ತತುದಿಯಲ್ಲಿದ್ದವು, ಮುಂದಿನ ಕೆಲವು ವರ್ಷಗಳಲ್ಲಿ ಕಲೆಯೇ ಇಲ್ಲದ ದಿನಗಳು ಬರುತ್ತವೆ. ಕಂಡ ಚುಕ್ಕಿ ಕಲೆಯೋ ಧೂಳೋ ಅನ್ನುವ ಅನುಮಾನಕ್ಕೆ ಕೊಳವೆಯನ್ನು ಮೆಲ್ಲಗೆ ತಟ್ಟಿ. ಚಕ್ರದ ಜೊತೆ ಸರಿದರೆ ಕಲೆ, ನಿಂತಲ್ಲೇ ನಿಂತರೆ ಐಪೀಸಿನ ಧೂಳು. ನಮ್ಮ ಪಕ್ಕದ ಕೊಡೈಕನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತಾ ಬಂದಿದ್ದಾರೆ. ನೀವೂ ಒಂದು ನೋಟ್‌ಬುಕ್ಕಿನಲ್ಲಿ ದಿನಾ ವೃತ್ತ ಬರೆದು ಕಲೆ ಗುರುತಿಸಿದರೆ ಸೂರ್ಯ ತಿರುಗುವುದು ಒಂದೇ ವಾರದಲ್ಲಿ ಗೊತ್ತಾಗುತ್ತದೆ.

ಅಂಚು ಕುದಿಯುತ್ತಿದ್ದರೆ ಹೊತ್ತು ಏರಿದೆ. ಬೆಳಗ್ಗೆ ಎಂಟರಿಂದ ಹತ್ತರೊಳಗೆ ನೋಡಿ. ಬಣ್ಣ ಬಿಳಿ ಅಥವಾ ತುಸು ನೀಲಿ ಇದ್ದರೆ ಹಾಳೆಯ ಗುಣ, ಕಿತ್ತಳೆ ಇದ್ದರೆ ಗಾಜಿನ ಫಿಲ್ಟರಿನ ಗುಣ. ಅಂಚಿನಲ್ಲಿ ಕೆಂಪು ಜ್ವಾಲೆ ಕಾಣಲ್ಲ ಅನ್ನುವುದು ದೋಷವಲ್ಲ. ಅದಕ್ಕೆ 656.28 ನ್ಯಾನೋಮೀಟರಿನ ಹೈಡ್ರೋಜನ್ ಬೆಳಕನ್ನು ಮಾತ್ರ ಬಿಡುವ ಬೇರೆ ಉಪಕರಣವೇ ಬೇಕು, ಬೆಲೆ ಈ ಟೆಲಿಸ್ಕೋಪಿನ ಎಷ್ಟೋ ಪಟ್ಟು.

ಚಕ್ರದ ಸುತ್ತಲಿನ ಆಕಾಶ ಕಪ್ಪಾಗಿರದೆ ಬೂದು ಬೆಳಕು ತುಂಬಿದ್ದರೆ, ಅಥವಾ ಕಣ್ಣು ಕಿರಿದು ಮಾಡುವಷ್ಟು ಪ್ರಖರವಾಗಿದ್ದರೆ, ತಕ್ಷಣ ಕಣ್ಣು ತೆಗೆಯಿರಿ. ಮೋಡವೂ ಇಬ್ಬನಿಯೂ ಇಲ್ಲದಿದ್ದರೆ ಅದು ಹಾಳೆಯ ತೂತು. ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳೋಣ ಅನ್ನಬೇಡಿ. ಕಣ್ಣಿನ ಪರದೆಗೆ ನೋವು ಗೊತ್ತಾಗುವುದಿಲ್ಲ, ಸುಟ್ಟರೂ ಆ ಹೊತ್ತಿಗೆ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಬಿಟ್ಟು ನೋಟದ ನಡುವೆ ಕಪ್ಪು ಅಥವಾ ಮಸುಕು ಚುಕ್ಕಿ ಬಂದರೆ, ಅಕ್ಷರಗಳು ವಕ್ರವಾಗಿ ಕಂಡರೆ, ಅವತ್ತೇ ಕಣ್ಣಿನ ಡಾಕ್ಟರನ್ನು ಕಾಣಿ.

"ಲೆನ್ಸಿನೊಳಗೆ ಜೇಡರ ಬಲೆ"

ಮಳೆಗಾಲ ಮುಗಿದ ಮೇಲೆ ಕರಾವಳಿ, ಮಲೆನಾಡಿನವರಿಂದ ಬರುವ ದೂರು. ಟಾರ್ಚ್ ಬಿಟ್ಟು ನೋಡಿದರೆ ಲೆನ್ಸಿನಲ್ಲಿ ಬೇರು ಬಿಟ್ಟ ಹಾಗೆ ಸಣ್ಣ ಎಳೆಗಳು. ಅದೇ ಬೂಷ್ಟು.

ಹೊರಮೈಯಲ್ಲಿದ್ದರೆ ಮೊದಲು ರಬ್ಬರ್ ಬ್ಲೋಯರಿನಿಂದ ಧೂಳು ಊದಿ. ಬಾಯಿಂದ ಬೇಡ, ಎಂಜಲು ಬೀಳುತ್ತದೆ. ಆಮೇಲೆ ಲೆನ್ಸ್ ಕಾಗದಕ್ಕೆ ಎರಡು ಹನಿ ಲೆನ್ಸ್ ದ್ರಾವಣ ಹಾಕಿ, ನಡುವಿನಿಂದ ಅಂಚಿಗೆ ಒತ್ತದೆ ಒರೆಸಿ. ಹನಿಯನ್ನು ಲೆನ್ಸಿನ ಮೇಲೇ ಬಿಟ್ಟರೆ ಅಂಚಿನಿಂದ ಒಳಗೆ ಇಳಿಯುತ್ತದೆ. ವಿಭೂತಿ, ಹಳೆ ಪಂಚೆ, ಕೊಲಿನ್, ಇವ್ಯಾವುದೂ ಬೇಡ. ನಾಲ್ಕು ಧೂಳಿನ ಕಣ ಇದ್ದರೆ ಸುಮ್ನೆ ಬಿಟ್ಟುಬಿಡಿ, ಚಿತ್ರಕ್ಕೆ ಏನೂ ಆಗುವುದಿಲ್ಲ.

ಬೂಷ್ಟು ಎರಡು ಗಾಜಿನ ನಡುವೆ ಇದ್ದರೆ ಅಲ್ಲಿಗೆ ಕೈ ನಿಲ್ಲಿಸಿ. ಆ ಎರಡು ಗಾಜುಗಳಿಗೆ ಯಾವುದು ಮುಂದೆ, ಯಾವ ಮೈ ಹೊರಗೆ, ಒಂದಕ್ಕೊಂದು ಎಷ್ಟು ತಿರುಗಿ ಕೂತಿವೆ ಎಂಬ ಲೆಕ್ಕ ಇರುತ್ತದೆ. ನಡುವೆ ಉಗುರಿನಷ್ಟಿರುವ ತೆಳು ಹಾಳೆಯ ಮೂರು ಚೂರುಗಳೂ ಇರಬಹುದು. ಒಂದು ಚೂರು ಕೆಳಗೆ ಬಿದ್ದರೂ ಮತ್ತೆ ಹೊಂದುವುದಿಲ್ಲ. ಕ್ಯಾಮೆರಾ ಲೆನ್ಸ್ ರಿಪೇರಿ ಮಾಡುವವರ ಹತ್ತಿರವೋ, ಹವ್ಯಾಸಿಗಳ ಸಂಘದಲ್ಲಿ ಕೈ ಪಳಗಿದವರ ಹತ್ತಿರವೋ ಒಯ್ಯಿರಿ. ಅವರು ಬಿಚ್ಚುವಾಗ ಮೊದಲು ಮಾಡುವ ಕೆಲಸ ನೋಡಿ: ಎರಡೂ ಗಾಜಿನ ಅಂಚಿನ ಮೇಲೆ ಸೀಸದ ಕಡ್ಡಿಯಿಂದ ಒಂದು ಬಾಣದ ಗುರುತು. ಅದನ್ನು ಹಾಕದೆ ಉಂಗುರಕ್ಕೆ ಕೈ ಹಾಕಿದರೆ ಟೆಲಿಸ್ಕೋಪ್ ಎತ್ತಿಕೊಂಡು ವಾಪಸ್ ಬನ್ನಿ.